ಅಪ್‌ಡೇಟ್: ಅಪ್ಪ-ಅಮ್ಮನ ಜೊತೆ ಬವೇರಿಯಾ ಸುತ್ತಾಟ

ಮಂಡಿನೋವಿರುವ ಅಮ್ಮ, ಅಪ್ಪ, ಮಗಳು ಎಲ್ಲರ ಜೊತೆ ಜರ್ಮನಿಯ ಬವೇರಿಯಾ ರಾಜ್ಯದ ಮ್ಯೂನಿಕ್‌ನಿಂದ ಯಾವ ಅರಮನೆ, ಯಾವ ಹಳೇ ಊರು ನೋಡಬಹುದು ಎಂದು ಕೇಳಿದ್ದೆ. ಹೋಗಿ ಬಂದೆವು. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಬೆಟ್ಟದ ಮೇಲಿನ ನೋಯ್‌ಶ್ವಾನ್‌ಸ್ಟೈನ್ ಅರಮನೆ ಚೆಂದವೇ, ಆದರೆ ಅಮ್ಮನಿಗೆ ಕಷ್ಟವಾಯಿತು. ಕುದುರೆ ಗಾಡಿ ಬಾಗಿಲವರೆಗೆ ಹೋಗುವುದಿಲ್ಲ, ಕೊನೆಯ ಏರು ನಡೆಯಲೇಬೇಕು. ಒಳಗೆ ಮೆಟ್ಟಿಲು ಜಾಸ್ತಿ, ಫೋಟೋ ತೆಗೆಯುವಂತಿಲ್ಲ. 1869ರಲ್ಲಿ ಶುರುವಾದ ಕೆಲಸ, ಕಟ್ಟಿಸಿದ ರಾಜ ಎರಡನೇ ಲುಡ್ವಿಗ್ 1886ರಲ್ಲಿ ತೀರಿಕೊಂಡಾಗಲೂ ಮುಗಿದಿರಲಿಲ್ಲವಂತೆ. ಅಪ್ಪ ಇದನ್ನೇ ದಾರಿಯುದ್ದಕ್ಕೂ ಹೇಳುತ್ತಿದ್ದರು.

ನಮ್ಮೆಲ್ಲರಿಗೂ ಹಿಡಿಸಿದ್ದು ನೋರ್ಡ್‌ಲಿಂಗೆನ್. ಸುಮಾರು 1.5 ಕೋಟಿ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ದೊಡ್ಡ ಕುಳಿಯೊಳಗೆ ಈ ಊರಿದೆ. ಚರ್ಚ್ ಕಟ್ಟಿದ ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳಿವೆ! ಮಗಳು ಗೋಡೆಗೆ ಮುಖ ಒತ್ತಿ ಹುಡುಕಿದಳು. ಊರಿನ ಸುತ್ತ 2.7 ಕಿ.ಮೀ. ಕೋಟೆಗೋಡೆ, ಮೇಲೆ ಚಾವಣಿ. ಮಳೆ ಬಂದರೂ ಪೂರ್ತಿ ಸುತ್ತು ಹಾಕಬಹುದು. ಅಪ್ಪ, ಮಗಳು ಹಾಕಿದರು. ಅಮ್ಮ ಕೆಳಗೆ ಚೌಕದಲ್ಲಿ ಆರಾಮಾಗಿ ಕೂತಿದ್ದರು. ಹಿರಿಯರಿದ್ದರೆ ಇಂಥ ಸಮತಟ್ಟಾದ ಊರೇ ಮೇಲು, ಅಲ್ವಾ?

ಬವೇರಿಯಾ ಟಿಕೆಟ್ (ಒಂದು ದಿನದ ರೈಲು ಟಿಕೆಟ್) ತೆಗೆದುಕೊಳ್ಳಿ ಎಂಬ ಸಲಹೆಯೂ ಸರಿಯಾಗಿತ್ತು. ಒಂದೇ ಟಿಕೆಟ್‌ನಲ್ಲಿ 5 ಜನರವರೆಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರವೇ ಹೊರಡಬೇಕು, ವೇಗದ ಐಸಿಇ ರೈಲು ಹತ್ತುವಂತಿಲ್ಲ. ಮುಂದಿನ ಸಲ ರೋಥೆನ್‌ಬುರ್ಗ್ ಎಂಬ ಇನ್ನೊಂದು ಹಳೇ ಊರು.