ಮಾಜಿ ಸೈನಿಕರಿಗೆ ದೃಷ್ಟಿ ಕಡಿಮೆಯಾದರೆ ಯಾರನ್ನು ಕೇಳಬೇಕು? ಲೋ ವಿಷನ್ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮಡಿಕೇರಿಯಿಂದ): ಮೇಡಂ ನಮಸ್ತೆ. ನಮ್ಮ ಅಪ್ಪ ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿ ರಿಟೈರ್ ಆದವರು, ಪೆನ್ಷನ್ ಬರುತ್ತಿದೆ. ಈಗ ಗ್ಲಾಕೋಮಾ. ಎದುರಿಗಿರೋದು ಕಾಣುತ್ತೆ, ಅಕ್ಕಪಕ್ಕದ್ದು ಏನೂ ಕಾಣಲ್ಲ. ಇನ್ನೇನೂ ಮಾಡೋಕಾಗಲ್ಲ ಅಂತ ಡಾಕ್ಟರ್ ಹೇಳಿಬಿಟ್ಟರು. ಅಂಗವೈಕಲ್ಯ ಪೆನ್ಷನ್ ಸಿಗುತ್ತಾ? ಬೇರೆ ಏನಿದೆ?

ಉತ್ತರ: ನಮಸ್ತೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ, ನಿಜ. ಹಾಗಂತ ಡ್ರಾಪ್ಸ್ ಮಾತ್ರ ನಿಲ್ಲಿಸಬೇಡಿ, ಉಳಿದಿರೋದನ್ನ ಕಾಪಾಡೋದು ಅದೇ. ಮೊದಲು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ಹೋಗಿ, ಅವರ ಪಟ್ಟಿಯಲ್ಲಿರುವ, ಲೋ ವಿಷನ್ (ಕಡಿಮೆ ದೃಷ್ಟಿ) ವಿಭಾಗ ಇರುವ ಆಸ್ಪತ್ರೆಗೆ ರೆಫರಲ್ ಕೇಳಿ. ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಎಷ್ಟೋ ಸಲ ಯಾರೂ ಬರೆದುಕೊಡಲ್ಲ.

ಆಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡುತ್ತಾರೆ. ಅಲ್ಲಿಗೆ ಫೀಲ್ಡ್ ಟೆಸ್ಟ್ (ಅಕ್ಕಪಕ್ಕ ಎಷ್ಟು ಕಾಣುತ್ತೆ ಅಂತ ಅಳೆಯೋ ಪರೀಕ್ಷೆ) ರಿಪೋರ್ಟ್ ತಗೊಂಡೇ ಹೋಗಿ. ನಿಮ್ಮ ಅಪ್ಪ ಎದುರಿನ ಚಾರ್ಟ್ ಚೆನ್ನಾಗೇ ಓದಬಹುದು, ಅಷ್ಟನ್ನೇ ನೋಡಿದರೆ ಅಂಗವೈಕಲ್ಯದ ಪರ್ಸೆಂಟೇಜ್ ತುಂಬಾ ಕಡಿಮೆ ಬರುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಒಳ್ಳೆಯ ಕಣ್ಣಿನಲ್ಲೂ ನೋಟದ ವ್ಯಾಪ್ತಿ 40 ಡಿಗ್ರಿಗಿಂತ ಕಡಿಮೆ ಇದ್ದರೆ ಲೋ ವಿಷನ್, 10ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತೆ.

ಅಂಗವೈಕಲ್ಯ ಪೆನ್ಷನ್ ವಿಷಯ ನೇರವಾಗಿ ಹೇಳ್ತೀನಿ. ಅದಕ್ಕೆ ತೊಂದರೆ ಸೇವೆಯಿಂದ ಬಂದಿರಬೇಕು, ಇಲ್ಲ ಸೇವೆಯಿಂದ ಜಾಸ್ತಿ ಆಗಿರಬೇಕು. ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ ಬಂದ ಗ್ಲಾಕೋಮಾಗೆ ಸಿಗೋದು ಕಷ್ಟ. ಸರ್ವಿಸ್‌ನಲ್ಲಿದ್ದಾಗಲೇ ಕಣ್ಣಿನ ತೊಂದರೆ ದಾಖಲಾಗಿತ್ತಾ ನೋಡಿ. ಆಗಿದ್ದರೆ ಆ ಕಾಗದ ಹಿಡಿದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಇಲ್ಲದಿದ್ದರೆ ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಅವರದ್ದೇ ಇನ್ನೊಂದು ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು ಕೇಳೋಕೆ ಭಯ ಆಗ್ತಿದೆ. ಸಂಜೆ ಹೊತ್ತು ಅಂಗಳದಲ್ಲಿ ಯಾರೋ ಸಾಲಾಗಿ ನಿಂತಿದ್ದಾರೆ ಅಂತಾರೆ. ಅಲ್ಲಿ ಯಾರೂ ಇರಲ್ಲ. ಅಮ್ಮ ತಲೆ ಕೆಟ್ಟಿದೆ ಅಂದುಕೊಂಡು ಅಳ್ತಾರೆ.

ಉತ್ತರ: ಅಮ್ಮನಿಗೆ ಇದನ್ನ ಇವತ್ತೇ ಓದಿ ಹೇಳಿ. ದೃಷ್ಟಿ ಕಡಿಮೆಯಾದವರಲ್ಲಿ ಹೀಗೆ ಆಗುತ್ತೆ, ಹೆಸರು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್. ಕಣ್ಣಿಂದ ಬರೋ ಚಿತ್ರ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ತುಂಬಿಕೊಳ್ಳುತ್ತೆ. ಜನ, ಪ್ರಾಣಿ, ಹೂವಿನ ಡಿಸೈನ್, ಏನು ಬೇಕಾದರೂ ಕಾಣಬಹುದು. ಬರೀ ಕಾಣುತ್ತೆ, ಮಾತು ಕೇಳಿಸಲ್ಲ. ಅದು ನಿಜ ಅಲ್ಲ ಅಂತ ಅವರಿಗೂ ಗೊತ್ತಿರುತ್ತೆ. ಅಪ್ಪನ ಹತ್ತಿರ ಸಮಾಧಾನವಾಗಿ ಕೂತು "ನಿಮಗೆ ಏನು ಕಾಣುತ್ತೆ?" ಅಂತ ಕೇಳಿ. ಹುಚ್ಚು ಅಂದುಬಿಡ್ತಾರೆ ಅನ್ನೋ ಹೆದರಿಕೆಗೆ ಎಷ್ಟೋ ಹಿರಿಯರು ಬಾಯೇ ಬಿಡಲ್ಲ. ಲೈಟ್ ಜಾಸ್ತಿ ಹಾಕಿ, ಚಿತ್ರ ಬಂದಾಗ ಕಣ್ಣನ್ನು ಅತ್ತಿತ್ತ ಆಡಿಸೋಕೆ ಹೇಳಿ, ತುಂಬಾ ಜನಕ್ಕೆ ಅಷ್ಟರಲ್ಲೇ ಮಾಯವಾಗುತ್ತೆ. ಆದರೆ ಮಾತು ಕೇಳಿಸುತ್ತೆ ಅಂದರೆ, ಮರೆವು ಇದ್ದರೆ, ಅಥವಾ ಕಂಡಿದ್ದೆಲ್ಲ ನಿಜ ಅಂತ ನಂಬುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಇನ್ನೊಂದು ಮಾಡಿ. ಊಟಕ್ಕೆ ಬಡಿಸುವಾಗ ತಟ್ಟೆಯನ್ನು ಗಡಿಯಾರ ಅಂದುಕೊಂಡು "ಪಲ್ಯ ಮೂರು ಗಂಟೆಗೆ, ನೀರು ಹನ್ನೊಂದಕ್ಕೆ" ಅಂತ ಹೇಳಿ. ಫೈರಿಂಗ್‌ನಲ್ಲಿ ಗಡಿಯಾರದ ಲೆಕ್ಕದಲ್ಲೇ ಟಾರ್ಗೆಟ್ ತೋರಿಸಿ ಅಭ್ಯಾಸ ಇರುತ್ತೆ, ಫೌಜಿಗಳು ತಕ್ಷಣ ಹಿಡೀತಾರೆ. ನಡೆಸಿಕೊಂಡು ಹೋಗುವಾಗ ತೋಳು ಹಿಡಿದು ತಳ್ಳಬೇಡಿ. ಅವರೇ ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ಇರಿ.

ಪ್ರಶ್ನೆ (ಬೆಳಗಾವಿಯಿಂದ): ನಮ್ಮ ಕಾಕಾ ಸರ್ವಿಸ್‌ನಲ್ಲಿದ್ದಾಗ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡರು. ಡಿಸೆಬಿಲಿಟಿ ಪೆನ್ಷನ್ ಇದೆ. ಮನೆಯಲ್ಲೇ ಕೂತು ಬೇಜಾರಾಗಿದ್ದಾರೆ. ಬ್ಯಾಂಕಿನವರು ಎಟಿಎಂ ಕಾರ್ಡ್ ಕೊಡಲ್ಲ ಅಂದರು.

ಉತ್ತರ: ಅವರ ಹಕ್ಕು ಬೇರೆ ರೀತಿಯದು. ನೂರು ಪರ್ಸೆಂಟ್ ಅಂತ ನಿರ್ಧಾರವಾಗಿ, ನೋಡಿಕೊಳ್ಳೋಕೆ ಒಬ್ಬರು ಯಾವಾಗಲೂ ಬೇಕು ಅಂತ ಮೆಡಿಕಲ್ ಬೋರ್ಡ್ ಶಿಫಾರಸು ಮಾಡಿದರೆ ಪೆನ್ಷನ್ ಜೊತೆ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋಯನ್ಸ್ ಸಿಗುತ್ತೆ. ಪಿಪಿಒದಲ್ಲಿ (ಪೆನ್ಷನ್ ಮಂಜೂರಾತಿ ಆದೇಶ) ಅದು ಇದೆಯಾ ನೋಡಿ.

ತರಬೇತಿಗೆ ಡೆಹ್ರಾಡೂನ್ ಕೇಳಿದ್ದೀರಾ? ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1943ರಲ್ಲಿ ಅಲ್ಲಿ ಸೇಂಟ್ ಡನ್‌ಸ್ಟನ್ಸ್ ಅನ್ನೋ ತರಬೇತಿ ಕೇಂದ್ರ ಶುರುವಾಯಿತು. ಇಂದಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆ ಬೆಳೆದಿದ್ದು ಅದರಿಂದಲೇ. ಯುದ್ಧದಲ್ಲಿ ದೃಷ್ಟಿ ಹೋದವರಿಗೆ ಸೇಂಟ್ ಡನ್‌ಸ್ಟನ್ಸ್ ಆಫ್ಟರ್ ಕೇರ್ ಸಂಸ್ಥೆ ಬೇರೆ ಇದೆ, ಕೇಂದ್ರೀಯ ಸೈನಿಕ ಬೋರ್ಡ್ ಅದಕ್ಕೆ ನೆರವು ಕೊಡುತ್ತೆ. ಅಷ್ಟು ದೂರ ಆಗಲ್ಲ ಅಂದರೆ ಬೆಂಗಳೂರಿನ ಮಿತ್ರಜ್ಯೋತಿ, ಎನೇಬಲ್ ಇಂಡಿಯಾ ಸಂಸ್ಥೆಗಳಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಕಾಕಾ ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಕನ್ನಡದಲ್ಲೇ ಓದಿ ಹೇಳುತ್ತೆ. ಶುರುವಿನಲ್ಲಿ ಒಂದೇ ಕೆಲಸ ಕಲಿಸಿ, ಫೋನ್ ಮಾಡೋದು, ಅಷ್ಟೇ. ಹಳೇ ಯೂನಿಟ್ ಗೆಳೆಯರಿಗೆ ತಾವೇ ಕಾಲ್ ಮಾಡೋಕೆ ಬಂದರೆ ಮುಂದಿನದನ್ನ ಅವರೇ ಕೇಳ್ತಾರೆ.

ಬ್ಯಾಂಕಿನವರು ಹೇಳಿದ್ದು ತಪ್ಪು. ದೃಷ್ಟಿ ಇಲ್ಲ ಅನ್ನೋ ಕಾರಣಕ್ಕೆ ಚೆಕ್‌ಬುಕ್, ಎಟಿಎಂ ಕಾರ್ಡ್, ಲಾಕರ್ ನಿರಾಕರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚನೆ ಕೊಟ್ಟಿದೆ. ಬಾಯಲ್ಲಿ ವಾದ ಮಾಡಬೇಡಿ. ಕಾಕಾ ಅವರ ಹೆಸರಲ್ಲೇ ಮ್ಯಾನೇಜರ್‌ಗೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಪ್ರತಿ ಇಟ್ಟು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಹಾಕಿ.