‘ಪ್ರಾಯೋಗಿಕ’, ‘ಸ್ಮೃತಿ’, ‘ನೆನವರಿಕೆ’: ಒಂದು ರಂಗಕೃತಿಯ ಪರಿಚಯಕ್ಕೆ ಯಾವ ಪದ?

ಹಾಡು, ಕುಣಿತ, ಮಾತುಗಳನ್ನು ಬೆಸೆದು ನೆನಪನ್ನೇ ವಸ್ತುವಾಗಿಸಿಕೊಂಡಿರುವ ರಂಗಕೃತಿಯೊಂದರ ಪರಿಚಯ ಬರಹವನ್ನು ತಿದ್ದುತ್ತಿದ್ದಾಗ ‘ಸ್ಮೃತಿಯನ್ನು ಕುರಿತ ಪ್ರಾಯೋಗಿಕ ಸಂಗೀತ-ನೃತ್ಯ ನಾಟಕ’ ಎಂಬ ಸಾಲು ಎದುರಾಯಿತು. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ತಪ್ಪೇನಿಲ್ಲ. ಆದರೂ ಎರಡು ಪದಗಳು ನನ್ನನ್ನು ಮುಂದೆ ಹೋಗಗೊಡಲಿಲ್ಲ.

ಮೊದಲನೆಯದು ‘ಪ್ರಾಯೋಗಿಕ’. ರಂಗದವರ ಮಾತಿನಲ್ಲಿ ‘ಪ್ರಯೋಗ’ ಎಂದರೆ ಪ್ರದರ್ಶನ. ‘ಮೊದಲ ಪ್ರಯೋಗ’, ‘ನೂರನೆಯ ಪ್ರಯೋಗ’ ಎನ್ನುವಾಗ ಹೊಸತನದ ಸೂಚನೆ ಎಳ್ಳಷ್ಟೂ ಇರುವುದಿಲ್ಲ. ಇದು ಹಳೆಯ ಅರ್ಥವೂ ಹೌದು: ಕಾಳಿದಾಸನ ಶಾಕುಂತಲದ ಪ್ರಸ್ತಾವನೆಯಲ್ಲಿ ಸೂತ್ರಧಾರನು, ಬಲ್ಲವರು ಮೆಚ್ಚುವ ತನಕ ತನ್ನ ‘ಪ್ರಯೋಗವಿಜ್ಞಾನ’ವನ್ನು ಒಳ್ಳೆಯದೆಂದು ಎಣಿಸಲಾರೆ ಎನ್ನುವಾಗ ಅವನ ಮನಸ್ಸಿನಲ್ಲಿರುವುದು ಆಡಿ ತೋರಿಸುವ ಕೌಶಲವೇ. ಇನ್ನು ‘ಪ್ರಾಯೋಗಿಕ ಪರೀಕ್ಷೆ’ ಎಂದರೆ ಕೈಯಾರೆ ಮಾಡಿ ತೋರಿಸುವ ಪರೀಕ್ಷೆ. ‘ಪ್ರಾಯೋಗಿಕವಾಗಿ ಜಾರಿ’ ಎಂದರೆ ಸರಿಹೋಗುವುದೋ ಇಲ್ಲವೋ ನೋಡೋಣ ಎಂಬ ತಾತ್ಕಾಲಿಕ ಏರ್ಪಾಡು. ಹೀಗಿರುವಾಗ ‘ಪ್ರಾಯೋಗಿಕ ನಾಟಕ’ವೆಂದರೆ ಇನ್ನೂ ಪಕ್ವವಾಗದ ನಾಟಕವೆಂದು ಓದುಗರು ತಿಳಿದರೆ ಅವರ ತಪ್ಪಲ್ಲ. ‘ಪ್ರಯೋಗಾತ್ಮಕ’ಕ್ಕಿಂತ, ಕೃತಿಯ ಮನೋಧರ್ಮವನ್ನು ಹೇಳುವ ‘ಪ್ರಯೋಗಶೀಲ’ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಆಗ ‘ಪ್ರಯೋಗಶೀಲ ನಾಟಕದ ಮೊದಲ ಪ್ರಯೋಗ’ ಎಂದು ಬರೆಯುವಂತಿಲ್ಲ. ಎರಡನೆಯ ಕಡೆ ‘ಪ್ರದರ್ಶನ’ವೇ ಗತಿ.

‘ಸಂಗೀತ-ನೃತ್ಯ’ದ ಬಗ್ಗೆ ನನ್ನ ತಕರಾರಿಲ್ಲ. ‘ಸಂಗೀತರತ್ನಾಕರ’ವನ್ನು ಬರೆದ 13ನೆಯ ಶತಮಾನದ ಶಾರ್ಙ್ಗದೇವನು ಗೀತ, ವಾದ್ಯ, ನೃತ್ತ ಈ ಮೂರನ್ನೂ ಕೂಡಿಸಿಯೇ ‘ಸಂಗೀತ’ ಎಂದಿದ್ದನಾದ್ದರಿಂದ, ಬರಹದಲ್ಲಿದ್ದ ‘ಅಪೂರ್ವ ಬೆಸುಗೆ’ ಎಂಬ ಹೊಗಳಿಕೆಯನ್ನು ಮಾತ್ರ ಸದ್ದಿಲ್ಲದೆ ಹೊಡೆದುಹಾಕಿದೆ.

ನಿಜವಾದ ತೊಡಕು ‘ಸ್ಮೃತಿ’ಯಲ್ಲಿದೆ. ಧರ್ಮಶಾಸ್ತ್ರದ ನೆರಳು ಈ ಪದದ ಮೇಲಿರುವುದನ್ನು ಬದಿಗಿಟ್ಟರೂ, ನಾಟ್ಯಶಾಸ್ತ್ರವು ಸ್ಮೃತಿಯನ್ನು 33 ವ್ಯಭಿಚಾರಿ ಭಾವಗಳಲ್ಲಿ ಒಂದಾಗಿ ಎಣಿಸಿದೆ. ಅಂದರೆ ಅದು ಬಂದುಹೋಗುವಂಥದು, ರತಿಯೋ ಶೋಕವೋ ಆದ ಒಂದು ಸ್ಥಾಯಿಯನ್ನು, ಎಂದರೆ ನೆಲೆನಿಲ್ಲುವ ಭಾವವನ್ನು, ಪೋಷಿಸಿ ಮರೆಯಾಗುವಂಥದು. ಆದಿಯಿಂದ ಅಂತ್ಯದವರೆಗೆ ನೆನಪೇ ನೆಲೆನಿಂತಿರುವ ಕೃತಿಗೆ ಈ ಪದವನ್ನು ಹಚ್ಚಿದರೆ, ನಾಟ್ಯವನ್ನು ಕಲಿತವರ ಕಿವಿಗೆ ಅದು ತಿರುಗುಮುರುಗಾಗಿ ಕೇಳಿಸಬಹುದು. ‘ಸ್ಮರಣೆ’ ಎಂದೊಡನೆ ಪುಣ್ಯಸ್ಮರಣೆ ಎದುರಿಗೆ ನಿಲ್ಲುತ್ತದೆ. ‘ಜ್ಞಾಪಕ’ ಶಕ್ತಿಯ ಕಡೆಗೆ ವಾಲುತ್ತದೆ.

ಉಳಿಯುವುದು ‘ನೆನಪು’. ಇಲ್ಲಿ ಕನ್ನಡದ ವಾಕ್ಯರಚನೆಯೇ ಒಂದು ಸೂಕ್ಷ್ಮವನ್ನು ಕಾಣಿಸುತ್ತದೆ. ‘ನಾನು ನೆನೆದೆ’ ಎಂಬಲ್ಲಿ ನೆನೆಯುವವನು ಕರ್ತೃ. ‘ನನಗೆ ನೆನಪಾಯಿತು’ ಎಂಬಲ್ಲಿ ಅವನು ಚತುರ್ಥಿಗೆ ಸರಿದು ನೆನಪೇ ಕರ್ತೃವಿನ ಸ್ಥಾನಕ್ಕೆ ಬರುತ್ತದೆ. ನಾನು ಹೇಳುತ್ತಿರುವ ಕೃತಿಯಲ್ಲಿ ಎಂದೋ ಕೇಳಿದ ಧಾಟಿಯೊಂದು ಕಿವಿಗೆ ಬಿದ್ದೊಡನೆ, ಅದು ಯಾವುದೆಂದು ಪಾತ್ರಕ್ಕೆ ತಿಳಿಯುವ ಮೊದಲೇ ಕಾಲು ಹೆಜ್ಜೆ ಹಾಕಿರುತ್ತದೆ. ಅಲ್ಲಿ ಯಾರೂ ನೆನೆಯುವುದಿಲ್ಲ, ನೆನಪಾಗುತ್ತದೆ. ‘ನೆನಪಾಗುವಿಕೆ’ ಎಂದರೆ ಅರ್ಥ ಸರಿಯಾಗುತ್ತದೆ, ಆದರೆ ಪದ ತೊಡರುತ್ತದೆ.

ಆದ್ದರಿಂದ ‘ನೆನವರಿಕೆ’ಯನ್ನು ಬಳಸುವ ಆಲೋಚನೆ ಬಂದಿದೆ. ‘ಕನವರಿಕೆ’ಯ ಪಕ್ಕದಲ್ಲಿಟ್ಟು ಕೇಳಿದರೆ ಇಚ್ಛೆಯ ಹಿಡಿತಕ್ಕೆ ಸಿಗದ ನೆನಪೆಂಬ ಧ್ವನಿ ಅದರಲ್ಲಿ ಕೇಳಿಸುತ್ತದೆ, ಇದು ಪದದೊಳಗೇ ಇರುವ ಅರ್ಥವೋ, ಪ್ರಾಸ ಹುಟ್ಟಿಸಿದ ಭ್ರಮೆಯೋ ಎಂಬುದೇ ನನ್ನ ಪ್ರಶ್ನೆ. ಈ ಪದವನ್ನು ಆಡುಮಾತಿನಲ್ಲಿ ಕೇಳಿದವರಿದ್ದರೆ ಅದು ಬೇಕೆಂದೇ ನೆನೆಯುವುದಕ್ಕೆ ಸಲ್ಲುತ್ತದೆಯೋ, ತಾನಾಗಿ ಬರುವುದಕ್ಕೋ, ಇಲ್ಲವೇ ಹಂಬಲಕ್ಕೋ, ಮತ್ತು ಅದರ ಜೊತೆಗೆ ‘ಮಾಡು’ ಬರುತ್ತದೆಯೋ ‘ಆಗು’ ಬರುತ್ತದೆಯೋ ಎಂಬುದನ್ನು ದಯವಿಟ್ಟು ತಿಳಿಸಬೇಕು.