ಬ್ಯಾಚ್ ಗುಂಪಲ್ಲಿ ಪಿಜ್ಜಾ ಜಗಳ, ಹೆಂಗಿತ್ತೋ ಹಂಗೆ

ನಮ್ ಇಂಜಿನಿಯರಿಂಗ್ ಬ್ಯಾಚ್ ವಾಟ್ಸಾಪ್ ಗುಂಪಲ್ಲಿ ಮೊನ್ನೆ ಶನಿವಾರ ನಡೆದದ್ದು, ಎಲ್ರನ್ನೂ ಕೇಳೇ ಹಾಕ್ತಿದೀನಿ. ಹೆಸರು ತೆಗೆದು ಊರು ಹಾಕಿದೀನಿ, ಹಾಸ್ಟೆಲಲ್ಲೂ ನಾವು ಒಬ್ಬರನ್ನೊಬ್ಬರು ಕರೀತಿದ್ದದ್ದು ಊರ ಹೆಸರಲ್ಲೇ. ಮಂಡ್ಯ ಈಗ ಅಮೆರಿಕದ ನ್ಯೂ ಹೇವನ್ ಹತ್ರ, ಹುಬ್ಬಳ್ಳಿ ಶಿಕಾಗೋ, ಕುಂದಾಪುರ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ, ಶಿರಸಿ ಮೇಡಮ್ಮು ಕ್ಯಾಲಿಫೋರ್ನಿಯಾ. ದಾವಣಗೆರೆ ಮಾತ್ರ ದಾವಣಗೆರೇಲೇ ಇದಾನೆ. ನಾನು ಅಡ್ಮಿನ್, ಅಂದ್ರೆ ಬೈಸ್ಕೊಳ್ಳೋನು.

ದಾವಣಗೆರೆ: (ಫೋಟೋ) ಏನ್ರಪ್ಪಾ, ಮೇ ತಿಂಗ್ಳು ನಾನೂ ನಮ್ಮನೆಯೋಳೂ ಮಗಳ ಹತ್ರ ಬರ್ತಾ ಇದೀವಿ, ಹಂಗೇ ನಿಮ್ಮೆಲ್ಲರ ಊರೂ ಒಂದೊಂದು ರೌಂಡು. ಯಾರೋ ಈ ಲಿಸ್ಟ್ ಫಾರ್ವರ್ಡ್ ಮಾಡಿದ್ರು, ಅಮೆರಿಕಕ್ಕೆ ಹೋದ್ರೆ ತಿನ್ಲೇಬೇಕಾದ 10 ಪಿಜ್ಜಾ, 10 ಮೆಕ್ಸಿಕನ್ ಅಂತ. ಸರಿ ಐತಾ ಇದು?

ಮಂಡ್ಯ: ಯಾವನ್ಲಾ ಮಾಡಿದ್ದು ಈ ಲಿಸ್ಟು, ನ್ಯೂ ಹೇವನ್ನೇ ಇಲ್ವಲ್ಲ

ಮಂಡ್ಯ: ಅರಿದಾಕು ಅದ್ನ

ಹುಬ್ಬಳ್ಳಿ: ಶಿಕಾಗೋ ಎರಡನೇ ನಂಬರ್ ಐತಿ ನೋಡಲೇ 😎 ಲಿಸ್ಟ್ ಬರೋಬ್ಬರಿ ಐತಿ

ಮಂಡ್ಯ: ಅದು ಪಿಜ್ಜಾ ಅಲ್ಲ ಕಣ್ಲಾ, ಬೋಗುಣಿ. ಫೋರ್ಕಲ್ಲಿ ಅಗೆದು ತಿನ್ನೋದನ್ನ ಯಾರ್ಲಾ ಪಿಜ್ಜಾ ಅಂತಾರೆ

ಮಂಡ್ಯ: ದಾವಣಗೆರೆ ನೀನ್ ಕೇಳು, ಇಲ್ಲಿ ವೂಸ್ಟರ್ ಸ್ಟ್ರೀಟ್ ಅಂತ ಒಂದು ಬೀದಿ, ಅಲ್ಲಿ ಇಟಲಿಯಿಂದ ಬಂದ ಫ್ರಾಂಕ್ ಪೆಪೆ ಅನ್ನೋನು 1925ರಲ್ಲಿ ಅಂಗಡಿ ಹಾಕ್ದ, 1938ರಲ್ಲಿ ಅವನ ಸೋದರಳಿಯ ಅದೇ ಬೀದೀಲಿ ಸ್ಯಾಲೀಸ್ ಅಂತ ಇನ್ನೊಂದು ಹಾಕ್ದ, ಅವತ್ತಿಂದ ಇವತ್ತಿನಗಂಟ ಊರಲ್ಲಿ ಮಾವನ ಪಾರ್ಟಿ ಅಳಿಯನ ಪಾರ್ಟಿ ಅಂತ ಎರಡಾಗದೆ, ನಾನು ಮಾವನ ಕಡೆ. ಕಲ್ಲಿದ್ದಲು ಒಲೆ, ತೆಳ್ಳಗಿನ ಹಿಟ್ಟು, ಅಂಚು ಕರ್ರಗಾಗ್ಬೇಕು, ಅದನ್ನ ಸೀದೋಗದೆ ಅಂದ್ರೆ ಇಲ್ಲಿಯವ್ರು ಹೊಡಿಯಾಕೆ ಬತ್ತಾರೆ. ಪಿಜ್ಜಾ ಅನ್ನೋದೂ ಇಲ್ಲ, ನೇಪಲ್ಸ್ ಕಡೆ ಮಾತಲ್ಲಿ ಅಬೀಟ್ಸ್ ಅಂತಾರೆ. ಪ್ಲೇನ್ ಒಂದು ಕೊಡಿ ಅಂದ್ರೆ ಟೊಮ್ಯಾಟೊ ಸಾಸು, ಮೇಲೆ ತುರಿದ ಗಟ್ಟಿ ಚೀಸು ಒಂದ್ ಚೂರು, ಅಷ್ಟೇ, ಮೊಝರೆಲ್ಲಾ ಚೀಸು ಬೇಕು ಅಂದ್ರೆ ಬೇರೆ ಕೇಳ್ಬೇಕು, ಅದಕ್ಕೂ ಮೂಟ್ಸ್ ಅಂತ ಕೇಳ್ಬೇಕು

ಹುಬ್ಬಳ್ಳಿ: ಚೀಸ್ ಇಲ್ಲದ ಪಿಜ್ಜಾಕ್ಕ ಪಾಳಿ ನಿಂತು ರೊಕ್ಕಾ ಕೊಡ್ತೀಯೇನಲೇ? ನಮ್ಮ ಕಡೆ ಇದಕ್ಕ ರೊಟ್ಟಿ ಮ್ಯಾಲೆ ಟೊಮ್ಯಾಟೊ ಚಟ್ನಿ ಅಂತಾರ, ನಮ್ಮವ್ವ ಪುಕ್ಕಟೆ ಕೊಡ್ತಾಳ

ಕುಂದಾಪುರ: ಹ್ವಾಯ್ ಮಂಡ್ಯ, ಅಲ್ಲಿ ಬಿಳಿ ಪಿಜ್ಜಾ ಒಂದ್ ಇತ್ತಲ್ದಾ, ಚಿಪ್ಪುಮೀನ್, ಬೆಳ್ಳುಳ್ಳಿ ಹಾಕುದು, ಮಂಗ್ಳೂರವರ ಮರ್ವಾಯಿ ಅದೇ. ಒಂದ್ ಸಲ ತಿಂದಿದ್ದೆ, ಸುಳ್ಳ್ ಹೇಳುದಿಲ್ಲ, ಅದಕ್ ಬೇಕಾರೆ ವಿಮಾನ ಹತ್ತಿ ಬಪ್ಪುಕಾತ್ತ್

ಶಿರಸಿ: ದಾವಣಗೆರೆ ಮನೆಯೋರು ಮೊಟ್ಟೆನೂ ತಿನ್ನಲ್ಲ ಮಾರಾಯ್ರಾ, ಚಿಪ್ಪು ಗಿಪ್ಪು ಬಿಡಿ

ಹುಬ್ಬಳ್ಳಿ: ಅದಕ್ಕಂತನ ಹೇಳೂದು ಶಿಕಾಗೋಕ್ಕ ಬಾ ಅಂತ. ಡೀಪ್ ಡಿಶ್ ಅಂದ್ರ 1943ರಾಗ ಪಿಜ್ಜೇರಿಯಾ ಊನೋದಾಗ ಚಾಲೂ ಆತು, ತಳಕ್ಕ ಚೀಸು, ಮ್ಯಾಲೆ ಸಾಸು, ಉಲ್ಟಾ. ಯಾಕಂದ್ರ ಅಷ್ಟು ದಪ್ಪ ಪಿಜ್ಜಾ ಬೇಯೂತನಕ ಚೀಸ್ ಮ್ಯಾಲೆ ಇದ್ರ ಸುಟ್ಟು ಬೂದಿ ಆಕ್ಕೈತಿ. ಮುಕ್ಕಾಲು ತಾಸು ಕಾಯಬೇಕು. ಎರಡು ತುಂಡು ತಿಂದ್ರ ಮುಗೀತು, ಮರುದಿನ ಮಧ್ಯಾಹ್ನತನಕ ಹಸಿವಿ ಇಲ್ಲ

ಶಿರಸಿ: ಹುಬ್ಬಳ್ಳಿ, ಒಂದು ಕೇಳ್ತೀನಿ ನಿಜ ಹೇಳು. ನೀನು ಕಡೇ ಸಲ ಡೀಪ್ ಡಿಶ್ ತಿಂದಿದ್ದು ಯಾವಾಗ?

(ಎರಡು ನಿಮಿಷ ಟೈಪಿಂಗ್, ನಿಲ್ತು, ಮತ್ತೆ ಟೈಪಿಂಗ್)

ಹುಬ್ಬಳ್ಳಿ: ನಮ್ಮ ಕಾಕಾ ಬಂದಿದ್ರಲ್ಲ ಆವಾಗ

ಶಿರಸಿ: ಅದು ಕರೋನಾಕ್ಕಿಂತ ಮುಂಚೆ 😂

ಮಂಡ್ಯ: ಸಿಕ್ಕಾಕೊಂಡ್ನಲ್ಲಪ್ಪೋ

ಹುಬ್ಬಳ್ಳಿ: ಲೇ ಇಲ್ಲಿ ಹುಟ್ಟಿ ಬೆಳೆದವ್ರೂ ಅದನ್ನ ದಿನಾ ತಿನ್ನಂಗಿಲ್ಲ, ಬೀಗರು ಬಂದಾಗ ಅಷ್ಟ. ಇಲ್ಲಿ ಮಂದಿ ತಿನ್ನೂದು ಟ್ಯಾವರ್ನ್ ಸ್ಟೈಲ್ ಅಂತ, ಬಾರಿನ್ಯಾಗ ಹುಟ್ಟಿದ್ದು, ತೆಳ್ಳಗ, ಖಡಕ್ ರೊಟ್ಟಿ ಮುರಿದಂಗ ಮುರಿತೈತಿ, ತ್ರಿಕೋನ ಕತ್ತರಸಂಗಿಲ್ಲ, ಸಣ್ಣ ಚೌಕ ಚೌಕ, ಮೂಲಿ ತುಂಡಿಗೆ ನಮ್ಮ ಮನ್ಯಾಗ ಹುಡುಗ್ರು ದಿನಾ ಬಡದಾಡ್ತಾವು. ಅದು ಈ ಲಿಸ್ಟಿನ್ಯಾಗ ಇಲ್ಲ, ಖರೆ

ನಾನು: ಅಂದ್ರೆ ಲಿಸ್ಟು ತಪ್ಪು ಅಂತ ಆಯ್ತಲ್ಲ

ಹುಬ್ಬಳ್ಳಿ: ನೀ ಸುಮ್ನಿರು ಅಡ್ಮಿನ್

ಶಿರಸಿ: ಮೆಕ್ಸಿಕನ್ ಲಿಸ್ಟ್ ಇನ್ನೂ ಕೆಟ್ಟದಾಗಿದೆ. ಹತ್ತರಲ್ಲಿ ನಾಲ್ಕು ಟೆಕ್ಸಾಸಿಂದು. ಅದು ಮೆಕ್ಸಿಕನ್ನೇ ಅಲ್ಲ, ಟೆಕ್ಸ್-ಮೆಕ್ಸ್, ಹಳದಿ ಚೀಸ್ ಸುರಿದು ಜೀರಿಗೆ ಹಾಕಿ ಕೊಡ್ತಾರೆ ಅಷ್ಟೇ

ಕುಂದಾಪುರ: ಎಂತ ಹೇಳ್ದೆ ಮಾರಾಯ್ತಿ?

ಕುಂದಾಪುರ: ಕೇಣಿ ಇಲ್ಲಿ, ಟೆಕ್ಸಾಸ್ 1836ರ ತನಕ ಮೆಕ್ಸಿಕೋನೇ ಆಯಿತ್ತ್. ಜನ ಅಲ್ಲೇ ಇದ್ರ್, ನಕ್ಷೆಯಂಗೆ ಗೆರೆ ಬದಲಾಯ್ತ್. 1956ರಂಗೆ ಕಾಸರಗೋಡು ಕೇರಳಕ್ಕೆ ಹೋಯ್ತ್ ಅಂದೇಳಿ ಅಲ್ಲಿ ಕನ್ನಡದೋರ್ ಮನೆ ಅಡುಗೆ ಡೂಪ್ಲಿಕೇಟ್ ಆಯ್ತಾ? ಇಲ್ಲಿನ ಪಫಿ ಟಾಕೋ ಕಂಡಿದ್ಯಾ ನೀನ್, ಹಸಿ ಮೆಕ್ಕೆಜೋಳದ ಹಿಟ್ಟನ್ನ ಎಣ್ಣೆಗೆ ಬಿಟ್ರೆ ಪೂರಿ ಹಾಂಗೆ ಉಬ್ಬತ್ತ್, ಅದ್ನ ಮಡಚಿ ಒಳಗೆ ಪಲ್ಯ. ಬೆಳಿಗ್ಗೆ ಬ್ರೇಕ್‌ಫಾಸ್ಟ್ ಟಾಕೋ, ಚಪಾತಿಯಂಗೆ ಬಟಾಟೆ ಪಲ್ಯ ಸುತ್ತಿ ಕೊಟ್ಟಾಂಗೇ. ಮತ್ತೆ ಆ ನಾಚೋಸ್ ಟೆಕ್ಸಾಸಿದ್ದ್ ಅಂತ ನಗಾಡ್ತ್ರಿಯಲೆ, ಅದ್ ಮಾಡಿದ್ದ್ 1940ರ ದಶಕದಂಗೆ ಗಡಿ ಆಚೆ ಪಿಯೆದ್ರಾಸ್ ನೆಗ್ರಾಸ್ ಊರಿನ ಇಗ್ನಾಸಿಯೋ ಅನಾಯಾ, ಇಗ್ನಾಸಿಯೋ ಅಂದ್ರೆ ಮನೆ ಹೆಸ್ರಂಗೆ ನಾಚೋ. ಶುದ್ಧ ಮೆಕ್ಸಿಕನ್ ಬೇಕಾ ನಿಂಗೆ, ಟಾಕೋಸ್ ಅಲ್ ಪಾಸ್ತೋರ್ ತಕೋ, ಕಂಬಿಗೆ ಚುಚ್ಚಿ ಸುಟ್ಟ ಹಂದಿ ಮಾಂಸದ ಟಾಕೋ, ಮೆಕ್ಸಿಕೋ ಸಿಟಿಯದ್ದೇ, ಅದರ ಮೂಲ ಲೆಬನಾನಿಂದ ಹೋದವರ ಶವರ್ಮಾ!

ಮಂಡ್ಯ: ಉಸಿರು ಬಿಡ್ಲಾ ಕುಂದಾಪ್ರ

ದಾವಣಗೆರೆ: ಇಷ್ಟುದ್ದ ಪರೀಕ್ಷೇಲೂ ಬರೆದಿರ್ಲಿಲ್ಲ ಇವ್ನು

ಶಿರಸಿ: ಸರಿ ಸರಿ, ಕಾಸರಗೋಡು ಮಾತು ಒಪ್ದೆ. ನಾನು ಹೇಳ್ತಿರೋದು ಊರಿಂದಲ್ಲ, ಟೋರ್ಟಿಯಾದ್ದು, ಅಂದ್ರೆ ಟಾಕೋಗೆ ಹಾಕೋ ರೊಟ್ಟಿದು. ಒಳ್ಳೆ ಜಾಗ ಹೌದೋ ಅಲ್ವೋ ಅಂತ ನಾನು ನೋಡೋದು ಒಂದೇ, ಮೆಕ್ಕೆಜೋಳನ ಸುಣ್ಣದ ನೀರಲ್ಲಿ ಬೇಯಿಸಿ ಅವ್ರೇ ರುಬ್ತಾರಾ ಇಲ್ವಾ. ಎಲೆ ಅಡಿಕೆಗೆ ಹಚ್ತೀವಲ್ಲ ಅದೇ ಸುಣ್ಣ. ಸಿಪ್ಪೆ ಬಿಡುತ್ತೆ, ಹಿಟ್ಟಿಗೆ ಅಂಟು ಬರುತ್ತೆ, ಪರಿಮಳ ಅಂತೂ ಬೇರೇನೇ. ಅಂಥ ಕಡೆ ಬಾಗ್ಲಲ್ಲೇ ಗೊತ್ತಾಗುತ್ತೆ, ಟಪಟಪ ಅಂತ ಸದ್ದು ಬರ್ತಿರುತ್ತೆ ಒಳಗಿಂದ

ಹುಬ್ಬಳ್ಳಿ: ರೊಟ್ಟಿ ಬಡಿಯೂ ಸಪ್ಪಳ! ಇಲ್ಲಿ 26ನೇ ಬೀದಿ, ಲಿಟಲ್ ವಿಲೇಜ್ ಅಂತಾರ, ಪೂರ್ತಿ ಮೆಕ್ಸಿಕೋ ಮಂದಿ, ನಾ ಮೊದಲ ಸಲ ಹೋದಾಗ ಆ ಸಪ್ಪಳ ಕೇಳಿ ಕಣ್ಣಾಗ ನೀರು ಬಂತಲೇ, ಆಣಿ ಮಾಡಿ ಹೇಳ್ತೇನಿ

ಶಿರಸಿ: ವೆಜ್ ತಿನ್ನೋರಿಗೂ ಅಲ್ಲೇ ಚೆನ್ನಾಗಿರೋದು. ಕುಂಬಳಹೂವಿನ ಕ್ವೆಸಡಿಯಾ ಸಿಗುತ್ತೆ, ಟೋರ್ಟಿಯಾ ಮಡಚಿ ಒಳಗೆ ಚೀಸು, ನಾವು ಬೋಂಡಾ ಮಾಡ್ತೀವಲ್ಲ ಅದೇ ಹೂವು. ನೋಪಾಲ್ ಅಂದ್ರೆ ಪಾಪಾಸುಕಳ್ಳಿ, ಮುಳ್ಳು ತೆಗೆದು ಸುಟ್ಟು ಕೊಡ್ತಾರೆ, ಸ್ವಲ್ಪ ಬೆಂಡೆಕಾಯಿ ಥರ ಲೋಳೆ

ದಾವಣಗೆರೆ: ಪಾಪಾಸುಕಳ್ಳಿನಾ?! ನಮ್ಮ ತೋಟದ ಬೇಲಿ ತುಂಬಾ ಅದೇ ಐತಲ್ಲಮ್ಮಾ

ಶಿರಸಿ: ಹಾಗೇ ಅನ್ನು. ಆದ್ರೆ ಬೀನ್ಸ್ ಮಾತ್ರ ಕೇಳ್ದೆ ತಿನ್ಬೇಡಿ. ಒಂದು ಕಡೆ ನಾನು ವೆಜ್ಜಾ ಅಂದೆ, ಹೌದು ಮಾಂಸ ಇಲ್ಲ ಅಂದ್ರು, ಎರಡು ವರ್ಷ ಅಲ್ಲೇ ತಿಂದೆ, ಆಮೇಲೆ ಗೊತ್ತಾಯ್ತು ಹಂದಿ ಕೊಬ್ಬಲ್ಲಿ ಒಗ್ಗರಣೆ ಅಂತ. ಅವ್ರು ಸುಳ್ಳು ಹೇಳಿರ್ಲಿಲ್ಲ, ಮಾಂಸ ಇರ್ಲಿಲ್ಲ ನಿಜ. "ಮಾಂತೆಕಾ" ಅಂದ್ರೆ ಆ ಕೊಬ್ಬು, ಅದು ಇದ್ಯಾ ಅಂತ ಕೇಳ್ಬೇಕು. ಅನ್ನಕ್ಕೂ ಕೋಳಿ ನೀರು ಹಾಕಿರ್ತಾರೆ ಕೆಲವು ಕಡೆ. ಅಮ್ಮಂಗೆ ಇನ್ನೂ ಹೇಳಿಲ್ಲ ನಾನು

ಮಂಡ್ಯ: ಈಗ ಗುಂಪಲ್ಲಿ 64 ಜನಕ್ಕೆ ಯೋಳಿದ್ಯಲ್ಲ ತಾಯಿ

(ಇಲ್ಲಿ ಮಂಡ್ಯ ನ್ಯೂಯಾರ್ಕ್ ಪಿಜ್ಜಾ ಬಗ್ಗೆ ಏನೋ ಬರೆದು ಡಿಲೀಟ್ ಮಾಡ್ದ. ನ್ಯೂಜೆರ್ಸಿಲಿರೋ ಹಾಸನ ಅಷ್ಟರಲ್ಲಿ ಓದಿ ಆಗಿತ್ತು. ಮುಂದಿನ ಇಪ್ಪತ್ತು ಮೆಸೇಜು ಅದೇ, ಬಿಟ್ಟಿದೀನಿ.)

ದಾವಣಗೆರೆ: ಮುಗೀತೇನ್ರಪ್ಪಾ? ಈಗ ನಾನೊಂದು ಹೇಳ್ತೀನಿ ಕೇಳ್ರಿ. ನೀವು ಯಾರೇ ಊರಿಗೆ ಬಂದ್ರೂ ಬಸ್ ಇಳಿದ ತಕ್ಷಣ ಬೆಣ್ಣೆ ದೋಸೆ ಅಂತೀರಿ, ನಾನೂ ಕರ್ಕೊಂಡು ಹೋಗ್ತೀನಿ, ಪಕ್ಕದಲ್ಲಿ ಕೂತು ತಿಂತೀನಿ. ನೀವು ಬರ್ದಿದ್ರೆ ನಾನು ಆ ಕಡೆ ತಲೆ ಹಾಕಲ್ಲ, ಡಾಕ್ಟ್ರು ಬೆಣ್ಣೆ ಅಂದ್ರೆ ಬೈತಾರೆ. ದಿನಾ ಸಂಜೆ 6 ಗಂಟೆಗೆ ನಾನು ಇರೋದು ಮಂಡಕ್ಕಿ ಅಂಗಡೀಲಿ, ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ, ಟೀ, ಅಂಗಡಿಯೋನು ನಾನು ಬಂದ್ರೆ ಕೇಳೋದೂ ಇಲ್ಲ ಸುಮ್ನೆ ಕೊಡ್ತಾನೆ. ಅಲ್ಲಿಗೆ ನಿಮ್ಮಲ್ಲಿ ಒಬ್ಬರನ್ನಾದ್ರೂ ಕರ್ಕೊಂಡು ಹೋಗಿದೀನಾ?

ಹುಬ್ಬಳ್ಳಿ: ಇಲ್ಲಲೇ. ಯಾಕ?

ದಾವಣಗೆರೆ: ಬೆಂಚು ಅಲ್ಲಾಡುತ್ತೆ, ನೀವು ಅಮೆರಿಕದೋರು ಅಂತ ಬಿಟ್ಟೆ. ಅದಿರ್ಲಿ, ನಿಮ್ಮ ಮಂಡಕ್ಕಿ ಅಂಗಡಿ ಯಾವುದು ಹೇಳ್ರಿ. 1925, 1943 ಎಲ್ಲ ಬೇಡ. ಮಂಗಳವಾರ ಸಂಜೆ ಮನೇಲಿ ಅಡುಗೆ ಮಾಡಾಕೆ ಬೇಜಾರಾದ್ರೆ ಎಲ್ಲಿಗೆ ಹೋಗ್ತೀರಿ?

(ಇಷ್ಟೊತ್ತು ಒಂದೇ ಸಮ ಟಿಂಗ್ ಟಿಂಗ್ ಅಂತಿದ್ದ ಫೋನು ಸುಮ್ನಾಯ್ತು.)

ಹುಬ್ಬಳ್ಳಿ: ನಮ್ಮ ಮನಿ ಹಿಂದಿನ ಬಾರು. ಟಿವಿಯಾಗ ಬೇಸ್‌ಬಾಲ್ ಹಚ್ಚಿರ್ತಾರ, ಪಿಜ್ಜಾ ಭಾಳ ಛಲೋ. ನಿಮ್ಮನೆಯವರನ್ನ ಬಾರಿಗೆ ಕರಕೊಂಡು ಹೋಗೂದು ಹೆಂಗಂತ ಹೇಳಿರಲಿಲ್ಲ

ದಾವಣಗೆರೆ: ಅವಳಿಗೆ ನಾನು ಹೇಳ್ತೀನಿ ಬಿಡು

ಮಂಡ್ಯ: ನಂದು ಪೆಟ್ರೋಲ್ ಬಂಕ್ ಪಕ್ಕದ್ದು ಕಣ್ಲಾ. ಕಲ್ಲಿದ್ದಲು ಇಲ್ಲ ಏನಿಲ್ಲ, ಗ್ಯಾಸು. ವೂಸ್ಟರ್ ಸ್ಟ್ರೀಟಲ್ಲಿ ಶನಿವಾರ ಯಾವನ್ ನಿಂತ್ಕೋತಾನೆ ಆ ಕ್ಯೂನಲ್ಲಿ

ಹುಬ್ಬಳ್ಳಿ: ಮಾವನ ಪಾರ್ಟಿ 🤣🤣

ಕುಂದಾಪುರ: ನಂದ್ ಒಂದ್ ಟಾಕೋ ಗಾಡಿ, ಟಯರ್ ಅಂಗಡಿ ಹಿಂದೆ ನಿಲ್ಲತ್ತ್. ತಾಯಿ ಮಗಳು ಇಬ್ರೇ. ಮಧ್ಯಾಹ್ನದ ಒಳಗೆ ಹಿಟ್ಟ್ ಖಾಲಿ

ದಾವಣಗೆರೆ: ಅಲ್ಲಿಗೇ ಹೋಗೋಣ. ಲೊಕೇಶನ್ ಹಾಕು

ಕುಂದಾಪುರ: ಗುಂಪಿಗೆ ಬೇಡ ಮಾರಾಯಾ, ನಿಂಗ್ ಬೇರೆ ಕಳ್ಸ್ತೆ

ಮಂಡ್ಯ: ನಂಗೂ ಕಳ್ಸ್ಲಾ

ಕುಂದಾಪುರ: ನಿಂಗಿಲ್ಲ. ನೀನ್ ಬಂದ್ ಲಿಸ್ಟ್ ಮಾಡ್ತೆ